ಅಪ್ಪ-ಅಮ್ಮನಿಗೆ ಏನು ಗೊತ್ತಿದ್ದರೆ ಮಗುವಿನ ಹಲ್ಲು ಉಳಿಯುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹುಟ್ಟಿದಾಗಿನಿಂದ ಏಳೆಂಟು ವರ್ಷದವರೆಗಿನ ಮಕ್ಕಳ ಹಲ್ಲಿನ ಬಗ್ಗೆ ಮನೆಗಳಲ್ಲಿ ಏಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇವೆ. ಎಲ್ಲ ಓದಲು ಪುರುಸೊತ್ತಿಲ್ಲದಿದ್ದರೆ ಆರನೇ ವರ್ಷದ ದವಡೆ ಹಲ್ಲಿನ ಪ್ರಶ್ನೆ ಮತ್ತು ರಾತ್ರಿ ಹಾಲಿನ ಪ್ರಶ್ನೆ, ಇವೆರಡನ್ನಾದರೂ ಓದಿ.

ಮಗುವಿನ ಹಲ್ಲು ಹಾಳಾಗುವುದಕ್ಕೂ ನಮಗೆ ಗೊತ್ತಿರುವುದಕ್ಕೂ ಏನು ಸಂಬಂಧ?

ಮೂರು ವರ್ಷದ ಮಗು ಅಂಗಡಿಗೆ ಹೋಗಿ ಪೇಸ್ಟ್ ಆರಿಸುವುದಿಲ್ಲ. ಹಾಲಿಗೆ ಎಷ್ಟು ಸಕ್ಕರೆ ಬೇಕು ಅಂತ ಹೇಳುವುದಿಲ್ಲ. ರಾತ್ರಿ ಹಲ್ಲುಜ್ಜಿ ಮಲಗಬೇಕೋ ಬೇಡವೋ ಅನ್ನುವುದೂ ಅದರ ಕೈಯಲ್ಲಿಲ್ಲ. ಬಾಯಿ ಮಗುವಿನದು, ತೀರ್ಮಾನವೆಲ್ಲ ದೊಡ್ಡವರದು.

2002-03ರ ರಾಷ್ಟ್ರೀಯ ಬಾಯಿ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 5 ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 52 ಮಂದಿಗೆ ಹುಳುಕು ಹಲ್ಲಿತ್ತು. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಪ್ರಕಾರ ಇಡೀ ಜಗತ್ತಿನಲ್ಲಿ 51 ಕೋಟಿಗೂ ಹೆಚ್ಚು ಮಕ್ಕಳ ಹಾಲುಹಲ್ಲಿನಲ್ಲಿ ಹುಳುಕಿದೆ. ಇವರೆಲ್ಲರ ತಂದೆ-ತಾಯಿ ಅಸಡ್ಡೆಯವರು ಅನ್ನಲಾಗುತ್ತದೆಯೇ? ಇಂಜಿನಿಯರ್ ದಂಪತಿಯ ಮನೆಯಲ್ಲೂ ಇದು ಕಾಣುತ್ತದೆ, ಗಾರೆ ಕೆಲಸದವರ ಮನೆಯಲ್ಲೂ ಕಾಣುತ್ತದೆ. ಸಿಹಿ ತಿಂದರೆ ಹಲ್ಲು ಹಾಳು ಅನ್ನುವುದು ಇಬ್ಬರಿಗೂ ಗೊತ್ತು. ಆದರೆ ಹಲ್ಲು ಉಳಿಸುವ ತಿಳಿವಳಿಕೆ ಅದಕ್ಕಿಂತ ಸ್ವಲ್ಪ ಬೇರೆ: ಯಾವ ಹೊತ್ತಿನ ಸಿಹಿ, ಯಾವ ಹಲ್ಲು, ಯಾರ ಕೈಯಲ್ಲಿ ಬ್ರಷ್. ಕೆಳಗಿನ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಇದರ ಸುತ್ತಲೇ ಇವೆ.

ಹಾಲುಹಲ್ಲು ಹೇಗೂ ಬಿದ್ದು ಹೋಗುತ್ತೆ ಅಲ್ವಾ? ಅದಕ್ಕೆ ಯಾಕೆ ಇಷ್ಟು ತಲೆಬಿಸಿ?

ಬೀಳುತ್ತದೆ ನಿಜ. ಯಾವಾಗ ಬೀಳುತ್ತದೆ ಅನ್ನುವುದನ್ನು ನೋಡಿ. ಹಾಲುಹಲ್ಲು ಒಟ್ಟು 20. ಮುಂದಿನವು ಆರೇಳು ವರ್ಷಕ್ಕೆ ಬೀಳತೊಡಗುತ್ತವೆ. ನಮಗೆ ಕಣ್ಣಿಗೆ ಬೀಳುವುದು ಅವೇ ಆದ್ದರಿಂದ ಎಲ್ಲವೂ ಹಾಗೇ ಅಂದುಕೊಳ್ಳುತ್ತೇವೆ. ಹಿಂದಿನ ದವಡೆಯ ಹಾಲುಹಲ್ಲುಗಳು ಹತ್ತರಿಂದ ಹನ್ನೆರಡು ವರ್ಷದವರೆಗೆ ಇರಬೇಕು. ನಾಲ್ಕನೇ ವರ್ಷಕ್ಕೆ ಅಲ್ಲೊಂದು ತೂತು ಬಿದ್ದರೆ ಮಗು ಅದೇ ಹಲ್ಲಲ್ಲಿ ಇನ್ನೂ ಆರೇಳು ವರ್ಷ ಅಗಿಯಬೇಕು.

ಹುಳುಕು ಬೇರಿನವರೆಗೆ ಇಳಿದರೆ ಕೀವು ಕಟ್ಟುತ್ತದೆ. ಆ ಬೇರಿನ ಕೆಳಗೇ ಶಾಶ್ವತ ಹಲ್ಲಿನ ಮೊಗ್ಗು ಕೂತಿರುತ್ತದೆ. ಕೀವು ಅದಕ್ಕೆ ತಗುಲಿದರೆ ಹೊಸ ಹಲ್ಲು ಕಲೆಯಾಗಿ, ಗುಳಿಬಿದ್ದು ಹುಟ್ಟಬಹುದು. ಹಲ್ಲನ್ನು ಬೇಗ ಕೀಳಿಸಿದರೆ ಅಕ್ಕಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ. ಆಮೇಲೆ ಬರುವ ಹಲ್ಲಿಗೆ ಜಾಗ ಇಲ್ಲ, ಎಲ್ಲೋ ಅಡ್ಡ ಬರುತ್ತದೆ. ಮುಂದೆ ಹದಿಮೂರನೇ ವರ್ಷಕ್ಕೆ ತಂತಿ ಹಾಕಿಸಲು ಓಡಾಡುವ ಎಷ್ಟೋ ಮನೆಗಳಲ್ಲಿ ಕಥೆ ಶುರುವಾಗಿರುವುದು ಹೀಗೆ ಕಿತ್ತ ಒಂದು ಹಾಲುಹಲ್ಲಿನಿಂದ.

ಇದೆಲ್ಲಕ್ಕಿಂತ ಮೊದಲು ನೋವು. ಮಾತು ಸರಿಯಾಗಿ ಬರದ ಮಗು ಹಲ್ಲುನೋವು ಅಂತ ಹೇಳುವುದಿಲ್ಲ. ಒಂದೇ ಕಡೆ ಅಗಿಯುತ್ತದೆ, ರೊಟ್ಟಿ-ಚಪಾತಿ ಬೇಡ ಅನ್ನುತ್ತದೆ, ಬರೀ ಮೊಸರನ್ನ ಕೇಳುತ್ತದೆ, ರಾತ್ರಿ ಎದ್ದು ಅಳುತ್ತದೆ. ಮನೆಯವರು ದೃಷ್ಟಿ ತೆಗೆಯುತ್ತಾರೆ. ದೃಷ್ಟಿ ತೆಗೆಯಿರಿ, ಬೇಡ ಅನ್ನುವುದಿಲ್ಲ. ಜೊತೆಗೆ ಟಾರ್ಚ್ ಹಿಡಿದು ಒಮ್ಮೆ ಬಾಯಿಯನ್ನೂ ನೋಡಿ.

ಆರನೇ ವರ್ಷದ ದವಡೆ ಹಲ್ಲು ಅಂದರೆ ಯಾವುದು? ಅದರಲ್ಲೇನು ವಿಶೇಷ?

ಈ ಪುಟದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮಗುವಿಗೆ ಸುಮಾರು ಆರು ವರ್ಷವಾದಾಗ, ಕೊನೆಯ ಹಾಲುಹಲ್ಲಿನ ಹಿಂದೆ, ಮೇಲೆ ಎರಡು ಕೆಳಗೆ ಎರಡು ಹೊಸ ದವಡೆ ಹಲ್ಲು ಬರುತ್ತವೆ. ಇವು ಬರುವಾಗ ಯಾವ ಹಲ್ಲೂ ಬೀಳುವುದಿಲ್ಲ. ಹಾಗಾಗಿ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅದೂ ಇನ್ನೊಂದು ಹಾಲುಹಲ್ಲು, ಬಿದ್ದರೆ ಮತ್ತೆ ಬರುತ್ತೆ ಅಂದುಕೊಳ್ಳುತ್ತಾರೆ. ಬರುವುದಿಲ್ಲ. ಅದು ಶಾಶ್ವತ ಹಲ್ಲು. ಅರವತ್ತು ವರ್ಷಕ್ಕೂ ಅದೇ ಇರಬೇಕು.

ಈ ಹಲ್ಲಿನ ಮೇಲೆ ಆಳವಾದ ಗೆರೆಗಳಿರುತ್ತವೆ, ತಿಂದದ್ದು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಪೂರ್ತಿ ಮೇಲೆ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟು ದಿನ ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುವುದರಿಂದ ಬ್ರಷ್ ಅದಕ್ಕೆ ತಾಗುವುದೇ ಇಲ್ಲ. ಎಂಟು ವರ್ಷಕ್ಕೇ ದೊಡ್ಡ ತೂತಾಗಿ ಕೀಳಿಸಬೇಕಾಗಿ ಬಂದಾಗ "ಇದು ಹಾಲುಹಲ್ಲಲ್ವಾ ಡಾಕ್ಟ್ರೇ?" ಅಂತ ಕೇಳುವ ತಂದೆ-ತಾಯಿ ತುಂಬಾ ಜನ. ಆರು ತುಂಬಿದ ಕೂಡಲೇ ಬಾಯಿಯ ಕೊನೆ ತನಕ ನೋಡಲು ಶುರುಮಾಡಿ. ಬಂದಿದ್ದರೆ ಬ್ರಷ್ಷನ್ನು ಅಡ್ಡ ಹಿಡಿದು, ಕೆನ್ನೆ ಕಡೆಯಿಂದ ತೂರಿಸಿ ಅದನ್ನೊಂದನ್ನೇ ಉಜ್ಜಿ. ಗೆರೆಗಳು ತುಂಬಾ ಆಳವಿದ್ದರೆ ದಂತವೈದ್ಯರು ಅವನ್ನು ಸೀಲಂಟ್ ಎಂಬ ತೆಳು ಲೇಪದಿಂದ ಮುಚ್ಚುತ್ತಾರೆ. ಕೊರೆಯುವುದಿಲ್ಲ, ಸೂಜಿ ಇಲ್ಲ, ಹೆಚ್ಚು ಹೊತ್ತೂ ಬೇಡ.

ಹುಳುಕು ಶುರುವಾಗುತ್ತಿದೆ ಅಂತ ಮನೆಯಲ್ಲೇ ಹೇಗೆ ಗೊತ್ತಾಗುತ್ತದೆ?

ಕಪ್ಪಗಾದ ಮೇಲೆ ನೋಡಿದರೆ ತಡವಾಯಿತು. ಮೊದಲು ಬರುವುದು ಬಿಳಿ. ತಿಂಗಳಿಗೊಮ್ಮೆ ಬೆಳಕಿನಲ್ಲಿ ಮಗುವನ್ನು ಮಲಗಿಸಿ, ಮೇಲಿನ ತುಟಿ ಎತ್ತಿ, ಮುಂದಿನ ನಾಲ್ಕು ಹಲ್ಲನ್ನು ಬಟ್ಟೆಯಿಂದ ಒರೆಸಿ ನೋಡಿ. ವಸಡಿನ ಅಂಚಿಗೆ ಸೀಮೆಸುಣ್ಣದಂಥ ಮಂಕು ಬಿಳಿ ಗೆರೆ ಕಂಡರೆ ಅದೇ ಶುರು. ಸಣ್ಣ ಮಕ್ಕಳಲ್ಲಿ ಮೇಲಿನ ಮುಂದಿನ ಹಲ್ಲೇ ಮೊದಲು ಹಾಳಾಗುತ್ತದೆ. ಕೆಳಗಿನ ಮುಂದಿನ ಹಲ್ಲಿಗೆ ನಾಲಿಗೆ ಮತ್ತು ಜೊಲ್ಲಿನ ಕಾವಲಿದೆ.

ಈ ಹಂತದಲ್ಲಿ ಹುಳುಕನ್ನು ಹಿಂದಕ್ಕೆ ತಳ್ಳಬಹುದು. ರಾತ್ರಿ ಸಿಹಿ ನಿಲ್ಲಿಸಿ, ಹುಳುಕು ತಡೆಯುವ ಖನಿಜವಾದ ಫ್ಲೋರೈಡ್ ಇರುವ ಪೇಸ್ಟ್‌ನಿಂದ ಎರಡು ಹೊತ್ತು ಉಜ್ಜಿ, ದಂತವೈದ್ಯರ ಹತ್ತಿರ ಫ್ಲೋರೈಡ್ ವಾರ್ನಿಶ್ ಎಂಬ ಲೇಪ ಹಚ್ಚಿಸಿದರೆ ಹಲ್ಲು ಮತ್ತೆ ಗಟ್ಟಿಯಾಗುತ್ತದೆ. ಬಿಳಿ ಗೆರೆ ಗುರುತಿಸಲು ಗೊತ್ತಿರುವ ಅಮ್ಮ ಒಂದು ದೊಡ್ಡ ಖರ್ಚು ತಪ್ಪಿಸುತ್ತಾಳೆ, ಮಗುವಿನ ನೋವನ್ನೂ.

ರಾತ್ರಿ ಹಾಲು ಕುಡಿಯದೆ ಮಲಗುವುದೇ ಇಲ್ಲ. ಏನು ಮಾಡೋದು?

ನಿದ್ದೆಯಲ್ಲಿ ಜೊಲ್ಲು ತುಂಬಾ ಕಮ್ಮಿಯಾಗುತ್ತದೆ. ಹಗಲಲ್ಲಿ ಬಾಯಿ ತೊಳೆಯುವ ಕೆಲಸ ಜೊಲ್ಲಿನದು. ರಾತ್ರಿ ಆ ಕೆಲಸಗಾರ ರಜೆ. ಹಾಗಾಗಿ ಬಾಟಲಿ ಬಾಯಲ್ಲಿಟ್ಟುಕೊಂಡು ನಿದ್ದೆಹೋದ ಮಗುವಿನ ಮೇಲಿನ ಹಲ್ಲುಗಳು ರಾತ್ರಿಯಿಡೀ ಸಿಹಿ ಹಾಲಿನಲ್ಲಿ ನೆನೆಯುತ್ತವೆ. ಸಕ್ಕರೆ, ಬೆಲ್ಲ, ಚಾಕೊಲೇಟ್ ಪುಡಿ ಹಾಕಿದ್ದರೆ ಇನ್ನೂ ಕೆಟ್ಟದ್ದು.

ಒಂದೇ ದಿನಕ್ಕೆ ನಿಲ್ಲಿಸಲು ಹೋಗಬೇಡಿ, ಇಡೀ ಬೀದಿಗೆ ನಿದ್ದೆ ಇರುವುದಿಲ್ಲ. ಮೊದಲು ಸಕ್ಕರೆ ಬಿಡಿಸಿ. ಆಮೇಲೆ ಹಾಲಿಗೆ ದಿನಾ ಸ್ವಲ್ಪ ಸ್ವಲ್ಪ ನೀರು ಜಾಸ್ತಿ ಮಾಡುತ್ತಾ ಒಂದೆರಡು ವಾರದಲ್ಲಿ ಬರೀ ನೀರಿಗೆ ಬನ್ನಿ. ಹೊಟ್ಟೆಗೆ ಬೇಕಾದ ಹಾಲನ್ನು ಊಟದ ಜೊತೆ ಲೋಟದಲ್ಲಿ ಕೊಡಿ, ಹಲ್ಲುಜ್ಜುವುದು ಅದಾದ ಮೇಲೆ. ಒಂದು ವರ್ಷ ಆಗುತ್ತಿದ್ದಂತೆ ಬಾಟಲಿಯಿಂದ ಲೋಟಕ್ಕೆ ಬದಲಾಗುವುದು ಒಳ್ಳೆಯದು.

ಎದೆಹಾಲಿನ ವಿಷಯ ಬೇರೆ. ಆರು ತಿಂಗಳವರೆಗೆ ಬರೀ ಎದೆಹಾಲು, ಆಮೇಲೆ ಬೇರೆ ಆಹಾರದ ಜೊತೆ ಎರಡು ವರ್ಷದವರೆಗೆ ಅಥವಾ ಇನ್ನೂ ಹೆಚ್ಚು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಲ್ಲಿನ ಹೆದರಿಕೆಗೆ ಅದನ್ನು ಬಿಡಿಸಬೇಡಿ. ಹಲ್ಲು ಬಂದ ಮೇಲೂ ರಾತ್ರಿಯಿಡೀ ಬಾಯಲ್ಲೇ ಇಟ್ಟುಕೊಂಡು ಮಲಗುವ ಅಭ್ಯಾಸವನ್ನು ಮಾತ್ರ ಮೆಲ್ಲಗೆ ಕಡಿಮೆ ಮಾಡಿ, ಮಲಗುವ ಮೊದಲು ಹಲ್ಲು ಉಜ್ಜಿ.

ನಾವು ಸಕ್ಕರೆ ಕೊಡೋದೇ ಇಲ್ಲ. ಬೆಲ್ಲ, ಜೇನು, ಕಲ್ಲುಸಕ್ಕರೆ ಮಾತ್ರ. ಆದರೂ ಯಾಕೆ ಹುಳುಕು?

ಬಾಯಿಯ ಬ್ಯಾಕ್ಟೀರಿಯಾಕ್ಕೆ ಬೆಲ್ಲ ನೈಸರ್ಗಿಕ ಅನ್ನುವುದು ಗೊತ್ತಿಲ್ಲ. ಅದಕ್ಕೆ ಎಲ್ಲವೂ ಸಕ್ಕರೆಯೇ. ರಾಗಿ ಸರಿಗೆ ಹಾಕುವ ಬೆಲ್ಲ, ಹಟ ಮಾಡಿದಾಗ ಬಾಯಿಗಿಡುವ ಕಲ್ಲುಸಕ್ಕರೆ, ಟೀಯಲ್ಲಿ ಅದ್ದಿದ ರಸ್ಕು, ಅಂಟಿಕೊಳ್ಳುವ ಬಿಸ್ಕತ್ತು, ಹಣ್ಣಿನ ರಸದ ಪ್ಯಾಕೆಟ್, ಸಿಹಿ ಸಿರಪ್ ಔಷಧಿ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಒಂದು ವರ್ಷದೊಳಗಿನ ಮಗುವಿಗಂತೂ ಜೇನು ಕೊಡಲೇಬಾರದು. ಅದು ಹಲ್ಲಿನ ಕಾರಣಕ್ಕಲ್ಲ, ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆಯ ಭಯಕ್ಕೆ.

ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಎಂದರೆ ಪ್ರಮಾಣಕ್ಕಿಂತ ಎಷ್ಟು ಸಲ ಅನ್ನುವುದು ಹೆಚ್ಚು ಮುಖ್ಯ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷದಲ್ಲಿ ಆಮ್ಲ ಹುಟ್ಟುತ್ತದೆ. ಜೊಲ್ಲು ಅದನ್ನು ಮತ್ತೆ ಸರಿಮಾಡಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಒಂದು ಹೋಳಿಗೆಯನ್ನು ಊಟದ ಜೊತೆ ತಿಂದು ಮುಗಿಸಿದರೆ ಹಲ್ಲಿಗೆ ಒಂದೇ ಪೆಟ್ಟು. ಅದೇ ಒಂದು ಪ್ಯಾಕೆಟ್ ಬಿಸ್ಕತ್ತನ್ನು ಬೆಳಿಗ್ಗೆಯಿಂದ ಸಂಜೆವರೆಗೆ ಒಂದೊಂದಾಗಿ ಕೊಟ್ಟರೆ ದಿನವಿಡೀ ಪೆಟ್ಟು. ಹಬ್ಬದ ಹೋಳಿಗೆಗೆ ಬೈಯುವ ಅಪ್ಪನೇ ಬೈಕಿನಲ್ಲಿ ಸುತ್ತಾಡಿಸುವಾಗ ಲಾಲಿಪಾಪ್ ಕೊಡಿಸುವುದು ತಮಾಷೆ.

ಹಾಲಿಗೆ ಹಾಕುವ ಪುಡಿಗಳ ಡಬ್ಬಿಯ ಹಿಂಬದಿ ಓದಿ. ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಸಕ್ಕರೆ ಚೆನ್ನಾಗಿಯೇ ಇರುತ್ತದೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಆನ್‌ಲೈನ್ ಮಾರಾಟ ತಾಣಗಳಿಗೆ ಇಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ವಿಭಾಗದಿಂದ ತೆಗೆಯಿರಿ ಎಂದು ಹೇಳಿತು.

ನಾವು ಎಷ್ಟೇ ಹೇಳಿದರೂ ಅಜ್ಜಿ-ತಾತ ಕೇಳುವುದಿಲ್ಲ!

ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಮಗುವಿನ ಹಲ್ಲು ನಿಜವಾಗಿ ಅಜ್ಜಿಯ ಕೈಯಲ್ಲಿರುತ್ತದೆ. ಹಾಗಾಗಿ ಅಪ್ಪ-ಅಮ್ಮನಿಗೆ ಎಷ್ಟು ಗೊತ್ತಿದ್ದರೂ ಅಜ್ಜಿಗೆ ಅದು ತಲುಪದಿದ್ದರೆ ಪ್ರಯೋಜನ ಕಡಿಮೆ. ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೋದ ಅಮ್ಮಂದಿರಿಗೆ ಈ ಜಗಳ ಚೆನ್ನಾಗಿ ಗೊತ್ತು. "ನಿನ್ನನ್ನು ನಾನು ಸಾಕಿಲ್ವಾ?" ಅನ್ನುವ ಮಾತಿಗೆ ಉತ್ತರ ಕೊಡುವುದು ಕಷ್ಟ.

ವಾದ ಮಾಡುವ ಬದಲು ಕೆಲಸ ಕೊಡಿ. ಬಿಳಿ ಗೆರೆ ತೋರಿಸಿ. ದಂತವೈದ್ಯರ ಹತ್ತಿರ ಹೋಗುವಾಗ ಅವರನ್ನೇ ಕರೆದುಕೊಂಡು ಹೋಗಿ. ಸೊಸೆ ಹೇಳಿದರೆ ಆಗದ್ದು ಡಾಕ್ಟರ್ ಹೇಳಿದರೆ ಆಗುತ್ತದೆ, ಇದು ಲೋಕಕ್ಕೇ ಗೊತ್ತಿರುವ ಸತ್ಯ. ಸಿಹಿ ಪೂರ್ತಿ ನಿಲ್ಲಿಸಿ ಅನ್ನಬೇಡಿ. ಊಟದ ಜೊತೆ ಕೊಡಿ, ನಡುನಡುವೆ ಕಡಲೆಪುರಿ, ಹಣ್ಣು, ಸೌತೆಕಾಯಿ ಕೊಡಿ ಅನ್ನಿ. ಕೊಡುವ ಸಂತೋಷ ಅವರಿಗೆ ಉಳಿಯಬೇಕು.

ಯಾವ ಪೇಸ್ಟ್ ಕೊಡಬೇಕು? ಮಕ್ಕಳ ಪೇಸ್ಟ್ ಅಂತ ಬರುತ್ತಲ್ಲ, ಅದು ಸಾಕಾ?

ಡಬ್ಬಿಯ ಮೇಲಿರುವ ಕಾರ್ಟೂನ್ ನೋಡಬೇಡಿ, ಫ್ಲೋರೈಡ್ ಎಷ್ಟು ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ) ಅಂತ ನೋಡಿ. ಮಕ್ಕಳ ಪೇಸ್ಟ್‌ಗಳಲ್ಲಿ ಕೆಲವದರಲ್ಲಿ ಫ್ಲೋರೈಡ್ ಇರುವುದೇ ಇಲ್ಲ, ಕೆಲವದರಲ್ಲಿ 500 ಪಿಪಿಎಂ ಮಾತ್ರ. ಹುಳುಕು ತಡೆಯಲು 1000 ಪಿಪಿಎಂ ಬೇಕು ಅನ್ನುವುದು ಇವತ್ತಿನ ಸಲಹೆ. ನಮ್ಮ ದೇಶದಲ್ಲಿ ಟೂತ್‌ಪೇಸ್ಟ್‌ಗೆ ಇರುವ ಗರಿಷ್ಠ ಮಿತಿಯೂ ಅಷ್ಟೇ. ಅಂದರೆ ಮನೆಮಂದಿ ಬಳಸುವ ಮಾಮೂಲಿ ಫ್ಲೋರೈಡ್ ಪೇಸ್ಟೇ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಫ್ಲೋರೈಡ್ ಪೇಸ್ಟನ್ನು ಅಗತ್ಯ ಔಷಧಿಗಳ ಪಟ್ಟಿಗೇ ಸೇರಿಸಿತು.

ಪ್ರಮಾಣದಲ್ಲಿ ಎಚ್ಚರ ಬೇಕು. ಮೊದಲ ಹಲ್ಲು ಬಂದಾಗಿನಿಂದ 3 ವರ್ಷದವರೆಗೆ ಅಕ್ಕಿಕಾಳಿನಷ್ಟು. 3ರಿಂದ 6ರವರೆಗೆ ಬಟಾಣಿ ಕಾಳಿನಷ್ಟು. ಜಾಹೀರಾತಿನಲ್ಲಿ ಬ್ರಷ್ ತುಂಬಾ ಅಲೆಅಲೆಯಾಗಿ ಹಾಕುತ್ತಾರಲ್ಲ, ಅದು ಪೇಸ್ಟ್ ಬೇಗ ಖಾಲಿಯಾಗಲಿ ಅಂತ. ಉಜ್ಜಿದ ಮೇಲೆ ಉಗುಳಿಸಿ, ಮೂರ್ನಾಲ್ಕು ಸಲ ನೀರು ಮುಕ್ಕಳಿಸುವುದು ಬೇಡ. ಸ್ವಲ್ಪ ಪೇಸ್ಟ್ ಹಲ್ಲಿನ ಮೇಲೆ ಉಳಿದರೇ ಅದು ಕೆಲಸ ಮಾಡುವುದು. ಪೇಸ್ಟನ್ನು ಮಗುವಿನ ಕೈಗೆ ಸಿಗದ ಜಾಗದಲ್ಲಿಡಿ.

ನಮ್ಮ ಊರಿನ ಬೋರ್‌ವೆಲ್ ನೀರಲ್ಲೇ ಫ್ಲೋರೈಡ್ ಜಾಸ್ತಿ. ಫ್ಲೋರೈಡ್ ಪೇಸ್ಟ್ ಬಳಸಿದರೆ ಹಲ್ಲು ಇನ್ನೂ ಕಂದು ಆಗುವುದಿಲ್ವಾ?

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಬಾಗೇಪಲ್ಲಿ, ಮುಂಡರಗಿ, ರಾಯಚೂರು, ಕೊಪ್ಪಳ ಕಡೆಯವರು ಇದನ್ನು ಕೇಳಲೇಬೇಕು, ಸರಿಯಾದ ಪ್ರಶ್ನೆ. ಅಲ್ಲಿ ಮಕ್ಕಳ ಶಾಶ್ವತ ಹಲ್ಲಿನಲ್ಲಿ ಕಾಣುವ ಕಂದು ಕಲೆ ಹುಳುಕಲ್ಲ, ಫ್ಲೋರೋಸಿಸ್. ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ ಶಾಶ್ವತ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುತ್ತಿರುತ್ತವೆ. ಆ ಸಮಯದಲ್ಲಿ ಹೊಟ್ಟೆಗೆ ಹೋದ ಹೆಚ್ಚುವರಿ ಫ್ಲೋರೈಡ್ ಕಲೆ ಮಾಡುತ್ತದೆ. ಹುಟ್ಟಿ ಹೊರಬಂದ ಹಲ್ಲಿಗೆ ಹೊರಗಿನಿಂದ ಹಚ್ಚಿದ್ದು ಕಲೆ ಮಾಡುವುದಿಲ್ಲ.

ಸ್ವಲ್ಪ ಲೆಕ್ಕ ಹಾಕೋಣ. 1000 ಪಿಪಿಎಂ ಪೇಸ್ಟ್ ಅಂದರೆ ಒಂದು ಗ್ರಾಂನಲ್ಲಿ 1 ಮಿಲಿಗ್ರಾಂ ಫ್ಲೋರೈಡ್. ಅಕ್ಕಿಕಾಳಿನಷ್ಟು ಪೇಸ್ಟ್ ಸುಮಾರು 0.1 ಗ್ರಾಂ. ಮಗು ಅಷ್ಟನ್ನೂ ನುಂಗಿದರೂ ಒಳಗೆ ಹೋಗುವುದು 0.1 ಮಿಲಿಗ್ರಾಂ. ಕುಡಿಯುವ ನೀರಿನಲ್ಲಿ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ನಿಮ್ಮ ಬೋರ್‌ವೆಲ್‌ನಲ್ಲಿ 3 ಇದ್ದರೆ ಒಂದು ಲೀಟರ್ ನೀರಲ್ಲೇ 3 ಮಿಲಿಗ್ರಾಂ ಹೋಯಿತು. ಗಲಾಟೆ ಎಲ್ಲಿದೆ ಅಂತ ಇದರಿಂದಲೇ ಗೊತ್ತಾಗುತ್ತದೆ.

ಹಾಗಾಗಿ ಮೊದಲು ನೀರು ಬದಲಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಂತೆ ಇನ್ನೂ ಗಟ್ಟಿಯಾಗುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಓ ನೀರನ್ನು ಕುಡಿಯಲಷ್ಟೇ ಅಲ್ಲ, ಮಗುವಿನ ಸರಿ, ಅನ್ನ, ಸಾರು ಮಾಡಲೂ ಬಳಸಿ. ನೀರಿನ ಪರೀಕ್ಷೆ ವರದಿ ಹಿಡಿದುಕೊಂಡು ನಿಮ್ಮ ಕಡೆಯ ದಂತವೈದ್ಯರನ್ನು ಕಂಡು 6 ವರ್ಷದೊಳಗಿನ ಮಗುವಿಗೆ ಯಾವ ಪೇಸ್ಟ್ ಅಂತ ಕೇಳಿ. ಮಲೆನಾಡಿನ ಅಥವಾ ಕರಾವಳಿಯ ಮಗುವಿಗೆ ಹೇಳಿದ ಸಲಹೆ ಪಾವಗಡದ ಮಗುವಿಗೆ ಹಾಗೇ ಹೊಂದಬೇಕೆಂದಿಲ್ಲ.

ಎಷ್ಟು ವರ್ಷದವರೆಗೆ ನಾವೇ ಉಜ್ಜಬೇಕು?

ಏಳೆಂಟು ವರ್ಷದವರೆಗೆ. ಜಾಸ್ತಿ ಆಯಿತು ಅನ್ನಿಸುತ್ತದೆ ಅಲ್ವಾ? ತನ್ನ ಶೂ ಲೇಸ್ ತಾನೇ ಚೆನ್ನಾಗಿ ಕಟ್ಟಿಕೊಳ್ಳುವಷ್ಟು ಬೆರಳು ಪಳಗುವವರೆಗೆ ಹಿಂದಿನ ಹಲ್ಲು ಉಜ್ಜಲು ಆಗುವುದಿಲ್ಲ. ಮಗು ತಾನೇ ಉಜ್ಜಲಿ, ಆಮೇಲೆ ನೀವು ಇನ್ನೊಮ್ಮೆ ಉಜ್ಜಿ. "ನಮ್ಮವಳು ಮೂರು ವರ್ಷಕ್ಕೇ ತಾನೇ ಬ್ರಷ್ ಮಾಡ್ತಾಳೆ" ಅನ್ನುವುದು ಹೆಮ್ಮೆಯ ಮಾತು, ಹಲ್ಲಿಗೆ ಮಾತ್ರ ಕೆಟ್ಟ ಸುದ್ದಿ.

ಹಟ ಮಾಡುವ ಎರಡು ವರ್ಷದ ಮಗುವಿಗೆ ಇಬ್ಬರು ಬೇಕು. ಎದುರುಬದುರು ಕೂತು ಮೊಣಕಾಲಿಗೆ ಮೊಣಕಾಲು ತಾಗಿಸಿ. ಮಗುವಿನ ಕಾಲು ಒಬ್ಬರ ಸೊಂಟದ ಕಡೆ, ತಲೆ ಇನ್ನೊಬ್ಬರ ತೊಡೆಯ ಮೇಲೆ. ತಲೆ ಕಡೆ ಇರುವವರು ಉಜ್ಜುತ್ತಾರೆ, ಕಾಲ ಕಡೆ ಇರುವವರು ಕೈ ಹಿಡಿದು ಹಾಡು ಹೇಳುತ್ತಾರೆ. ಅಳುವಾಗ ಬಾಯಿ ತೆರೆದಿರುತ್ತದೆ, ಅದೊಂದು ಅನುಕೂಲ. ಎರಡು ಹೊತ್ತಲ್ಲಿ ಒಂದನ್ನು ಬಿಡಲೇಬೇಕಾಗಿ ಬಂದರೆ ಬೆಳಗಿನದ್ದನ್ನು ಬಿಡಿ, ರಾತ್ರಿಯದ್ದನ್ನಲ್ಲ.

ಇದ್ದಿಲು, ಉಪ್ಪು, ಹಲ್ಲುಪುಡಿ, ಬೇವಿನ ಕಡ್ಡಿ?

ಮಕ್ಕಳಿಗೆ ಬೇಡ. ಇದ್ದಿಲು, ಬೂದಿ, ಒರಟು ಪುಡಿಗಳು ಹಲ್ಲನ್ನು ಸವೆಸುತ್ತವೆ, ಹಾಲುಹಲ್ಲಿನ ಮೇಲ್ಪದರ ಮೊದಲೇ ತೆಳು. ಕೆಲವು ಹಲ್ಲುಪುಡಿಗಳಲ್ಲಿ ತಂಬಾಕು ಸೇರಿಸುತ್ತಿದ್ದರು. 1992ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಹೆಸರಿಲ್ಲದ, ಲೇಬಲ್ ಇಲ್ಲದ ಪುಡಿಯನ್ನು ಮನೆಗೆ ತರದಿರುವುದೇ ವಾಸಿ.

ಹಲ್ಲು ಬರುವಾಗ ಜ್ವರ, ಭೇದಿ ಬರುತ್ತದಲ್ವಾ?

ಕಿರಿಕಿರಿ, ಜೊಲ್ಲು, ವಸಡು ಊದುವುದು, ಮೈ ತುಸು ಬೆಚ್ಚಗಾಗುವುದು, ಇಷ್ಟು ಸಹಜ. 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ನೀರಿನಂಥ ಭೇದಿ ಹಲ್ಲಿನಿಂದಲ್ಲ. ಆರನೇ ತಿಂಗಳಿನ ಹೊತ್ತಿಗೆ ಅಮ್ಮನಿಂದ ಬಂದ ರೋಗನಿರೋಧಕ ಶಕ್ತಿ ಕಡಿಮೆಯಾಗುತ್ತಾ ಬರುತ್ತದೆ, ಅದೇ ಹೊತ್ತಿಗೆ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ. ಸೋಂಕು ಅಲ್ಲಿಂದ. "ಹಲ್ಲು ಬರ್ತಿದೆ ಬಿಡಿ" ಅಂತ ಸುಮ್ನೆ ಕೂತು ಮಗು ನಿತ್ರಾಣವಾಗುವ ಹೊತ್ತಿಗೆ ಆಸ್ಪತ್ರೆಗೆ ಓಡುವುದು ನಿಜವಾದ ಅಪಾಯ.

ವಸಡಿಗೆ ಹಚ್ಚುವ ಮರಗಟ್ಟಿಸುವ ಜೆಲ್ ಬೇಡ. ಬೆಂಜೋಕೇನ್ ಇರುವ ಜೆಲ್‌ಗಳನ್ನು 2 ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ. ತಣ್ಣೀರಿನಲ್ಲಿ ಅದ್ದಿದ ಶುಭ್ರ ಬಟ್ಟೆಯನ್ನು ಕಚ್ಚಲು ಕೊಡಿ, ಸಾಕು.

ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗಿಬರುವುದಿಲ್ಲ ಅಂತಾರೆ?

ಮಾವನಿಗೆ ಏನೂ ಆಗುವುದಿಲ್ಲ. ಸಾಮಾನ್ಯವಾಗಿ ಕೆಳಗಿನವು ಮೊದಲು ಬರುತ್ತವೆ, ಕೆಲವು ಮಕ್ಕಳಲ್ಲಿ ಹಿಂದುಮುಂದಾಗುತ್ತದೆ, ಅಷ್ಟೇ.

ನಮ್ಮ ಮನೆತನದಲ್ಲೇ ಎಲ್ಲರಿಗೂ ಹುಳುಕು. ಮಗುವಿಗೂ ಬಂದೇ ಬರುತ್ತಾ?

ಮನೆತನದಿಂದ ಬರುವುದು ಹೆಚ್ಚಾಗಿ ಅಡುಗೆಮನೆ ಅಭ್ಯಾಸ ಮತ್ತು ಬಾಯಿಯ ಬ್ಯಾಕ್ಟೀರಿಯಾ. ಹುಳುಕು ಮಾಡುವ ಬ್ಯಾಕ್ಟೀರಿಯಾ ಮಗುವಿನ ಬಾಯಿಗೆ ಬರುವುದು ಸಾಮಾನ್ಯವಾಗಿ ಹತ್ತಿರದವರ ಎಂಜಲಿನಿಂದ, ಅದರಲ್ಲೂ ಅಮ್ಮನಿಂದ. ಒಂದೇ ಚಮಚದಲ್ಲಿ ರುಚಿ ನೋಡಿ ತಿನ್ನಿಸುವುದನ್ನು ಬಿಡಬಹುದು. ಆದರೆ ಮುತ್ತು ಕೊಡಲೂ ಹೆದರುವಷ್ಟು ದೂರ ಹೋಗಬೇಡಿ. ಅಮ್ಮ ತನ್ನ ಹುಳುಕು ಹಲ್ಲಿಗೆ ಚಿಕಿತ್ಸೆ ಮಾಡಿಸಿಕೊಳ್ಳುವುದೇ ಹೆಚ್ಚು ಪ್ರಯೋಜನ. ಬಸುರಿಯರು ಹಲ್ಲಿನ ಚಿಕಿತ್ಸೆ ಮಾಡಿಸಬಾರದು ಅನ್ನುವುದು ತಪ್ಪು ತಿಳಿವಳಿಕೆ. ನಾಲ್ಕರಿಂದ ಆರನೇ ತಿಂಗಳು ಅದಕ್ಕೆ ಅನುಕೂಲದ ಸಮಯ.

ಎಲ್ಲ ಗೊತ್ತು, ಮಾಡಲು ಮಾತ್ರ ಆಗುತ್ತಿಲ್ಲ. ಗೊತ್ತಿದ್ದು ಏನು ಬಂತು?

ಈ ಪ್ರಶ್ನೆಗೆ ಕೆನಡಾದಿಂದ ಒಂದು ಒಳ್ಳೆಯ ಉತ್ತರ ಬಂದಿದೆ. ಅಲ್ಲಿನ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಪಂಜಾಬಿ ಮಾತಾಡುವ ವಲಸೆ ಕುಟುಂಬಗಳ 240 ಹಸುಗೂಸುಗಳ ಮೇಲೆ ಒಂದು ಅಧ್ಯಯನ ನಡೆಯಿತು. 2004ರಲ್ಲಿ ಅದರ ಮೊದಲ ವರ್ಷದ ಫಲಿತಾಂಶ ಬಂತು. ಅರ್ಧ ಅಮ್ಮಂದಿರಿಗೆ ಕರಪತ್ರ ಮತ್ತು ವಿಡಿಯೋ ಕೊಟ್ಟರು. ಉಳಿದರ್ಧಕ್ಕೆ ಅವುಗಳ ಜೊತೆಗೆ, ಒಬ್ಬರು ಕೂತು ನಿಧಾನವಾಗಿ ಮಾತಾಡಿದರು: ಇದರಲ್ಲಿ ನಿಮ್ಮ ಮನೆಯಲ್ಲಿ ಯಾವುದು ಆಗುತ್ತದೆ, ನೀವೇ ಆರಿಸಿ. ಆಮೇಲೆ ವರ್ಷದಲ್ಲಿ ಆರು ಸಲ ಫೋನ್ ಮಾಡಿ ವಿಚಾರಿಸಿದರು. ವರ್ಷದ ಕೊನೆಗೆ ಕರಪತ್ರದ ಗುಂಪಿನ ಮಕ್ಕಳಲ್ಲಿ ಸರಾಸರಿ 1.91 ಹೊಸ ಹುಳುಕು, ಮಾತಾಡಿಸಿದ ಗುಂಪಿನಲ್ಲಿ 0.71. ಮುಂದೆ ಬೇರೆ ಕಡೆ ನಡೆದ ಇಂಥ ಪ್ರಯತ್ನಗಳೆಲ್ಲವೂ ಇಷ್ಟು ಚೆನ್ನಾಗಿ ಫಲ ಕೊಡಲಿಲ್ಲ, ಅದನ್ನೂ ಹೇಳಬೇಕು. ಆದರೂ ಗೋಡೆಗೆ ಪೋಸ್ಟರ್ ಅಂಟಿಸಿ ಕೈತೊಳೆದುಕೊಳ್ಳುವವರಿಗೆ ಇದರಲ್ಲಿ ಪಾಠವಿದೆ. ನನ್ನ ಮಟ್ಟಿಗೆ, ತಾಯಂದಿರಿಗೆ ಬೈಯುವ ದಂತವೈದ್ಯರಿಗೂ ಇದೆ.

ಮನೆಯಲ್ಲಿ ನೀವೂ ಹೀಗೇ ಮಾಡಬಹುದು. ಹತ್ತು ನಿಯಮ ಬೇಡ. ಈ ತಿಂಗಳು ಒಂದೇ ಒಂದು ಆರಿಸಿ: ಹಾಲಿನ ಸಕ್ಕರೆ ಬಿಡುವುದು, ಅಥವಾ ರಾತ್ರಿ ಉಜ್ಜುವುದು. ರಾತ್ರಿ ಉಜ್ಜುವುದನ್ನು ಊಟವಾದ ಕೂಡಲೇ ಇಟ್ಟುಕೊಳ್ಳಿ. ನಿದ್ದೆ ಎಳೆಯುವ ಹೊತ್ತಿಗೆ ಮುಂದೂಡಿದರೆ ಮಗುವೂ ಒಪ್ಪುವುದಿಲ್ಲ, ನಿಮಗೂ ಸಾಕಾಗಿರುತ್ತದೆ. ಮತ್ತು ಇದು ಅಮ್ಮನ ಕೆಲಸ ಅಂತ ಎಲ್ಲೂ ಬರೆದಿಲ್ಲ. ರಾತ್ರಿ ಬ್ರಷ್ ಅಪ್ಪನ ಪಾಲಿಗೆ ಬರಲಿ.

ದಂತವೈದ್ಯರ ಹತ್ತಿರ ಮೊದಲ ಸಲ ಯಾವಾಗ ಹೋಗಬೇಕು?

ಮೊದಲ ಹುಟ್ಟುಹಬ್ಬದೊಳಗೆ. ನೋವಿಲ್ಲದಾಗ ಹೋದರೆ ಮಗುವಿಗೆ ಅದು ಕುರ್ಚಿ ಮೇಲೆ ಕೆಳಗೆ ಆಡುವ ಜಾಗ. ನೋವು ಬಂದಾಗಲೇ ಮೊದಲು ಹೋದರೆ ಜನ್ಮವಿಡೀ ಹೆದರಿಕೆ. "ಗಲಾಟೆ ಮಾಡಿದ್ರೆ ಡಾಕ್ಟರ್ ಹತ್ರ ಸೂಜಿ ಚುಚ್ಚಿಸ್ತೀನಿ" ಅನ್ನುವುದನ್ನು ದಯವಿಟ್ಟು ಇವತ್ತೇ ನಿಲ್ಲಿಸಿ.

ಹಾಲುಹಲ್ಲಿಗೆ ರೂಟ್ ಕೆನಾಲ್, ಸ್ಟೀಲ್ ಕ್ಯಾಪ್ ಅಂತಾರೆ. ದುಡ್ಡು ಮಾಡೋಕಾ?

ಎಲ್ಲ ಕ್ಲಿನಿಕ್‌ಗಳ ಪರವಾಗಿ ಮಾತು ಕೊಡಲು ಆಗುವುದಿಲ್ಲ. ಆದರೆ ಹಲ್ಲಿನೊಳಗಿನ ಕೆಟ್ಟ ನರ ತೆಗೆದು ತುಂಬುವ ರೂಟ್ ಕೆನಾಲ್, ಮೇಲೆ ಹಾಕುವ ಕ್ಯಾಪ್ ಎರಡೂ ನಿಜವಾದ ಚಿಕಿತ್ಸೆಯೇ. ಐದು ವರ್ಷದ ಮಗುವಿನ ದವಡೆ ಹಾಲುಹಲ್ಲು ಇನ್ನೂ ಐದಾರು ವರ್ಷ ಇರಬೇಕಾದ್ದು. ಅದನ್ನು ಉಳಿಸಿಕೊಂಡರೆ ಜಾಗವೂ ಉಳಿಯುತ್ತದೆ. ಎಕ್ಸ್‌ರೇ ತೋರಿಸಿ ಅನ್ನಿ. ಹುಳುಕು ನರದವರೆಗೆ ಹೋಗಿದೆಯಾ, ಹಲ್ಲು ಬೀಳಲು ಎಷ್ಟು ವರ್ಷ ಇದೆ ಅಂತ ಕೇಳಿ. ಈ ಎರಡಕ್ಕೂ ಉತ್ತರ ಕೊಡದವರ ಹತ್ತಿರ ಮುಂದುವರಿಯಬೇಡಿ.

ಸಣ್ಣ ಹುಳುಕಿಗೆ ಕೊರೆಯದೆ ಹಚ್ಚುವ ಒಂದು ದ್ರವವೂ ಇದೆ, ಸಿಲ್ವರ್ ಡೈಅಮೈನ್ ಫ್ಲೋರೈಡ್. ನೋವಿಲ್ಲ, ಕೊರೆಯುವ ಯಂತ್ರವೇ ಬೇಡ. ಹುಳುಕು ಹೆಚ್ಚಾಗಿ ಅಲ್ಲೇ ನಿಲ್ಲುತ್ತದೆ, ಆ ಜಾಗ ಕಪ್ಪಾಗುತ್ತದೆ. ಕಪ್ಪು ನೋಡಿ ಹೆತ್ತವರು ಗಾಬರಿಯಾಗುತ್ತಾರೆ. ಅದು ಔಷಧಿ ಕೆಲಸ ಮಾಡಿದ ಗುರುತು. ಹಿಂದಿನ ಹಲ್ಲಿಗೆ ಇದು ಚೆನ್ನಾದ ದಾರಿ. ಮುಂದಿನ ಹಲ್ಲಿಗೆ ಹಚ್ಚುವ ಮೊದಲು ಯೋಚಿಸಿ ಒಪ್ಪಿಕೊಳ್ಳಿ.

ಆಟವಾಡುವಾಗ ಬಿದ್ದು ಹಲ್ಲು ಬೇರು ಸಮೇತ ಉದುರಿತು. ಏನು ಮಾಡಬೇಕು?

ಹಾಲುಹಲ್ಲಾದರೆ ಮತ್ತೆ ಕೂರಿಸಲು ಹೋಗಬೇಡಿ, ಕೆಳಗಿನ ಮೊಗ್ಗಿಗೆ ಪೆಟ್ಟಾಗುತ್ತದೆ. ರಕ್ತ ನಿಲ್ಲಿಸಿ, ದಂತವೈದ್ಯರಿಗೆ ತೋರಿಸಿ.

ಏಳೆಂಟು ವರ್ಷದ ಮಗುವಿನ ಮುಂದಿನ ಶಾಶ್ವತ ಹಲ್ಲಾದರೆ ಒಂದೊಂದು ನಿಮಿಷವೂ ಲೆಕ್ಕ. ಹಲ್ಲನ್ನು ಬೇರು ಮುಟ್ಟದೆ ಮೇಲ್ಭಾಗದಲ್ಲಿ ಹಿಡಿಯಿರಿ. ಮಣ್ಣಾಗಿದ್ದರೆ ಕೆಲವು ಸೆಕೆಂಡು ತೊಳೆಯಿರಿ, ಉಜ್ಜಬೇಡಿ. ಧೈರ್ಯವಿದ್ದರೆ ಅದೇ ಗುಳಿಯಲ್ಲಿ ಕೂರಿಸಿ ಬಟ್ಟೆ ಕಚ್ಚಿಸಿ. ಆಗದಿದ್ದರೆ ತಣ್ಣನೆಯ ಹಾಲಿನಲ್ಲಿ ಹಾಕಿಕೊಂಡು ಒಂದು ಗಂಟೆಯೊಳಗೆ ದಂತವೈದ್ಯರನ್ನು ತಲುಪಿ. ಕಾಗದದಲ್ಲಿ ಸುತ್ತಿ ಒಣಗಿಸಿ ತಂದರೆ ಉಳಿಯುವ ಸಾಧ್ಯತೆ ತುಂಬಾ ಕಡಿಮೆ. ಶಾಲೆಯ ಟೀಚರಿಗೂ ಇದನ್ನು ತಿಳಿಸಿಡಿ, ಶಾಲೆಯ ಮೈದಾನದಲ್ಲೂ ಹಲ್ಲು ಉದುರಬಹುದು.

ಖರ್ಚು ಭರಿಸಲು ಆಗುವುದಿಲ್ಲ. ಬೇರೆ ದಾರಿ ಇದೆಯೇ?

ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ನೋಡಬೇಕು. ಅವರು ನೋಡಬೇಕಾದ ಪಟ್ಟಿಯಲ್ಲಿ ಹಲ್ಲೂ ಇದೆ. ತಂಡ ಯಾವತ್ತು ಬರುತ್ತದೆ ಅಂತ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿಟ್ಟುಕೊಂಡು ಆ ದಿನ ಮಗುವನ್ನು ತಪ್ಪದೆ ಕಳಿಸಿ. ಅಲ್ಲಿಂದ ಬರೆದುಕೊಟ್ಟರೆ ದೊಡ್ಡ ಆಸ್ಪತ್ರೆಗೆ ಹೋಗುವುದು ಸುಲಭ.

ಬೆಂಗಳೂರಿನಲ್ಲಿ ಸರ್ಕಾರಿ ದಂತ ಕಾಲೇಜಿದೆ. ದಾವಣಗೆರೆ, ಮೈಸೂರು, ಧಾರವಾಡ, ಬೆಳಗಾವಿ, ಕಲಬುರಗಿ, ಮಂಗಳೂರು, ತುಮಕೂರು, ರಾಯಚೂರಿನಲ್ಲೂ ದಂತ ಕಾಲೇಜುಗಳಿವೆ. ಅಲ್ಲಿ ಮಕ್ಕಳ ಹಲ್ಲಿಗೆ ಬೇರೆ ವಿಭಾಗವೇ ಇರುತ್ತದೆ. ವಿದ್ಯಾರ್ಥಿಗಳು ಪ್ರಾಧ್ಯಾಪಕರ ಉಸ್ತುವಾರಿಯಲ್ಲಿ ಚಿಕಿತ್ಸೆ ಕೊಡುವುದರಿಂದ ಹೊತ್ತು ಜಾಸ್ತಿ ಹಿಡಿಯುತ್ತದೆ, ದುಡ್ಡು ಸಾಮಾನ್ಯವಾಗಿ ಹೊರಗಿನ ಕ್ಲಿನಿಕ್‌ಗಿಂತ ಕಡಿಮೆ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ. ಮಗುವಿಗೆ ಹೊಟ್ಟೆತುಂಬ ತಿಂಡಿ ಕೊಟ್ಟು, ಹಲ್ಲುಜ್ಜಿಸಿ ಕರೆದುಕೊಂಡು ಹೋಗಿ. ಹಳೆಯ ಎಕ್ಸ್‌ರೇ ಮತ್ತು ಮಗು ತೆಗೆದುಕೊಳ್ಳುತ್ತಿರುವ ಔಷಧಿಗಳ ಚೀಟಿ ಜೊತೆಗಿರಲಿ.